ಮಗ್ಗದಲ್ಲಿ ಬಿಟ್ಟ ಮೊಳ

ನಮ್ಮ ಚಿಕ್ಕಮ್ಮನ ಬಾಯಿಗೆ ಇಡೀ ಬೀದಿ ಹೆದರುತ್ತಿತ್ತು. "ಮಗ್ಗಕ್ಕೆ ಬಾಯಿದ್ದಿದ್ರೆ ಅದೂ ನಿನ್ನ ಮೇಲೆ ದೂರು ಕೊಡ್ತಿತ್ತು ಕಣೇ" ಎಂದು ಚಿಕ್ಕಪ್ಪ ಗೊಣಗುತ್ತಿದ್ದರು. ಅವರು ನೂಲಿಗೆ ಬಣ್ಣ ಹಾಕುವವರು; ಒಂದು ದಿನವೂ ಮಗ್ಗದಲ್ಲಿ ಕೂತವರಲ್ಲ. ಮಗ್ಗ ಚಿಕ್ಕಮ್ಮನ ಅಪ್ಪನದು.

ಅದರಲ್ಲಿ ನೇಯುವ ಸೀರೆಗೊಂದು ಅಂಚಿತ್ತು, ಹಕ್ಕಿಹೆಜ್ಜೆಯ ಸಾಲು. ಯಾವ ಎಳೆ ಮಗ್ಗದ ಯಾವ ಕುಣಿಕೆಯಲ್ಲಿ ತೂರಬೇಕೆಂಬ ಲೆಕ್ಕ ಅಪ್ಪನ ಜೊತೆಗೇ ಮಣ್ಣಾಗಿತ್ತು. ಆದರೂ ಅಂಚು ಬದುಕಿತ್ತು. ಸೀರೆ ಮುಗಿದರೂ ನೇಕಾರರು ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಪೂರ್ತಿ ಬಿಚ್ಚುವುದಿಲ್ಲ; ಮೊಳದಷ್ಟು ಹಳೆ ಎಳೆಯನ್ನು ಕುಣಿಕೆಗಳಲ್ಲೇ ಬಿಟ್ಟು, ಅದರ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಎಳೆದುಕೊಳ್ಳುತ್ತಾರೆ. ಅಪ್ಪ ಪೋಣಿಸಿದ್ದು ಹಾಗೆ ಮಗಳವರೆಗೂ ಬಂದಿತ್ತು. ಕೊಳ್ಳುವವರಿಲ್ಲದೆ ಮಗ್ಗ ವರ್ಷಗಟ್ಟಲೆ ನಿಂತಾಗಲೂ ಅವಳು ಆ ಮೊಳಕ್ಕೆ ಬಟ್ಟೆ ಹೊದಿಸಿ ಕಾಪಾಡಿದಳು. ನಮ್ಮನ್ನೂ ಇಷ್ಟು ಜೋಪಾನ ಮಾಡಲಿಲ್ಲ ಎಂಬುದು ಅವಳ ಮಕ್ಕಳದೇ ಮಾತು.

ಆಮೇಲೆ ಸೀರೆಗಳ ವಿನ್ಯಾಸ ಮಾಡುವ ಹುಡುಗಿಯೊಬ್ಬಳು ಹುಡುಕಿಕೊಂಡು ಬಂದಳು. ಆ ಹಳೆ ಅಂಚಿಗೆ ಬೂದು ಬಣ್ಣದ ಒಡಲು ಬೇಕೆಂದಳು.

"ಮಸಿಬಟ್ಟೆ ಇದ್ದಂಗಿರುತ್ತೆ" ಎಂದು ಚಿಕ್ಕಮ್ಮ ಮೂಗು ಮುರಿದಳು. ನೇಯ್ದಾದ ಮೇಲೆ ಮಾತ್ರ ಸೀರೆಯ ಮೇಲೆ ಕೈಯಾಡಿಸುತ್ತ, "ಅಪ್ಪ ನೋಡ್ಬೇಕಿತ್ತು" ಎಂದಳು.

ಮರುದಿನ ಅವಳು ಹಲ್ಲು ಕೀಳಿಸಲು ಹೋಗಿದ್ದಾಗ ಹುಡುಗಿಯ ಫೋನು ಬಂತು. ಪ್ರದರ್ಶನಕ್ಕೆ ಸೀರೆ ಈಗಲೇ ಬೇಕು, ಸೆರಗಿನ ಕುಚ್ಚು ಉದ್ದ ಇರಲಿ. ಚಿಕ್ಕಪ್ಪ ಕತ್ತರಿ ಹಿಡಿದರು. ಆ ಮೊಳವನ್ನು ಬಿಡದೆ ಕುಣಿಕೆಗಳ ಹಿಂದಿನಿಂದಲೇ ಕತ್ತರಿಸಿ ಎಳೆದರು; ಎಳೆಗಳೆಲ್ಲ ನುಸುಳಿ ಹೊರಗೆ ಬಂದವು. ಕುಚ್ಚು ಉದ್ದ ಸಿಕ್ಕಿತೆಂದು ಹಿಗ್ಗಿದರಂತೆ! ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಚಿಕ್ಕಮ್ಮ ಊದಿದ ಕೆನ್ನೆ ಹಿಡಿದುಕೊಂಡು ಬಂದು, ಖಾಲಿ ಕುಣಿಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಬೈದುಬಿಡೇ ಒಂದ್ಸಲ" ಎಂದು ಚಿಕ್ಕಪ್ಪ ಅತ್ತರು.

"ಬೈದ್ರೆ ಅಪ್ಪ ಬಂದು ಪೋಣಿಸ್ತಾರೇನ್ರೀ?"

ಕೊನೆಯ ಆಸೆಯಿಂದ ಹುಡುಗಿಗೆ ಫೋನು ಮಾಡಿದಳು. ಆ ಅಂಚಿನ ಸೀರೆ ಮನೆಯಲ್ಲಿ ಒಂದೂ ಇರಲಿಲ್ಲ; ನೇಯುವವರ ಮನೆಯಲ್ಲಿ ನೇಯ್ದ ಸೀರೆ ಎಲ್ಲಿ ಉಳಿದಿರುತ್ತದೆ?

"ಆ ಸೀರೆ ಒಂದ್ಸಲ ವಾಪಸ್ ಕೊಡಿ ಮೇಡಂ. ನೋಡ್ಕೊಂಡು ಎಳೆ ಎಣಿಸ್ಬೇಕು."

"ಅಯ್ಯೋ, ಆಗ್ಲೇ ಮಾರಿಹೋಯ್ತಲ್ಲಮ್ಮ! ತಗೊಂಡವ್ರು ಯಾರೋ ಗೊತ್ತಿಲ್ಲ. ಆ ಬೂದು ಬಣ್ಣ ಎಲ್ರಿಗೂ ಹಿಡಿಸಿಬಿಡ್ತು. ಅಂಚು ಆಗಲ್ಲ ಅಂದ್ರೆ ಬಿಡಿ, ಬರೀ ಬೂದು ನೇಯ್ದುಕೊಡಿ. ಅದೇ ಇನ್ನೂ ಚೆನ್ನಾಗಿರುತ್ತೆ."

ಈಗ ಮಗ್ಗಕ್ಕೆ ಪುರುಸೊತ್ತಿಲ್ಲ. ಚಿಕ್ಕಮ್ಮ ದಿನವಿಡೀ ಬೂದು ಸೀರೆ ನೇಯುತ್ತಾಳೆ, ಯಾರು ಬೇಕಾದರೂ ನೇಯಬಹುದಾದ ಸೀರೆ.