ಅರಳಿಕಟ್ಟೆಯ ಗಾಜು

ಎರಡು ವರ್ಷದ ಹಿಂದಿನ ಶ್ರಾವಣ. ಗುಬ್ಬಿಯ ನಮ್ಮ ಬೀದಿಗೆ ಧರ್ಮ ಜಾಗೃತಿ ಅಭಿಯಾನ ಬಂದಿತ್ತು. ಮನೆ ಮನೆಯ ಬಾಗಿಲಿಗೂ ಸ್ಟಿಕ್ಕರ್, ಬೀದಿಯ ಕೊನೆಯಲ್ಲಿ ಶಾಮಿಯಾನ, ಕಿವಿ ಹರಿಯುವಂಥ ಮೈಕು. ಮುಂದಾಳು ನಮ್ಮ ಬೀದಿಯವನೇ ಆದ ಮಹೇಶ. ನನ್ನನ್ನು ಅಕ್ಕ ಎಂದೇ ಕರೆಯುತ್ತಾನೆ. ಮೊದಲ ದಿನ ಅವನು ಮೈಕಿನಲ್ಲಿ, "ಪಕ್ಕದ ಮನೆಯವರು ಹಸಿದಿದ್ದರೆ ನಮ್ಮ ಗಂಟಲಲ್ಲಿ ಅನ್ನ ಇಳಿಯಬಾರದು, ಅದೇ ಧರ್ಮ" ಎಂದಾಗ ನಾನೂ ಚಪ್ಪಾಳೆ ತಟ್ಟಿದ್ದೆ.

ನಮ್ಮ ಪಕ್ಕದ ಮನೆಯವರು ನಜೀರಣ್ಣ. ಮನೆಯ ಮುಂಭಾಗದಲ್ಲೇ ಫೋಟೋಗೆ ಕಟ್ಟು ಹಾಕುವ ಅಂಗಡಿ. ನಮ್ಮ ಬೀದಿಯ ದೇವರ ಕೋಣೆಗಳಲ್ಲಿರುವ ಲಕ್ಷ್ಮಿ, ಗಣಪತಿ, ಈಶ್ವರ ಎಲ್ಲರೂ ಅವರ ಕೈ ದಾಟಿಯೇ ಬಂದವರು. ಹಿಂದಿನ ರಟ್ಟು ಮುಚ್ಚುವ ಮುಂಚೆ ಒಂದು ಕರ್ಪೂರದ ಬಿಲ್ಲೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಮೂಲೆಗೆ ಸಿಕ್ಕಿಸುವುದು ಅವರ ಪದ್ಧತಿ. ಬಟ್ಟೆಯ ತುದಿ ಚೂರು ಹೊರಗೆ ಕಾಣುತ್ತಿರುತ್ತದೆ. "ಹುಳ ಬರಲ್ಲ ಕಣಮ್ಮ, ದೇವ್ರಿಗೂ ಘಮ ಘಮ ಅಂತಿರುತ್ತೆ" ಎನ್ನುತ್ತಿದ್ದರು.

ಬಣ್ಣ ಮಾಸಿದ, ಗಾಜು ಬಿರುಕು ಬಿಟ್ಟ ದೇವರ ಫೋಟೋವನ್ನು ಮನೆಯಲ್ಲಿ ಇಡುವಂತಿಲ್ಲ, ಕಸಕ್ಕೂ ಹಾಕುವಂತಿಲ್ಲ. ಹಾಗಾಗಿ ಎಲ್ಲರೂ ಅದನ್ನು ತಂದು ಅರಳಿಕಟ್ಟೆಗೆ ಒರಗಿಸಿ, ಕೈ ಮುಗಿದು ಹೋಗುತ್ತಾರೆ. ಅಲ್ಲಿಗೆ ಭಕ್ತಿ ಮುಗಿಯಿತು. ಆಮೇಲೆ ಗಾಳಿ ಬೀಳಿಸುತ್ತದೆ, ನಾಯಿಗಳು ಎಳೆದಾಡುತ್ತವೆ, ಗಾಜೆಲ್ಲ ಪುಡಿಯಾಗುತ್ತದೆ.

ಆ ಸೋಮವಾರ ನಮ್ಮತ್ತೆ ಬರಿಗಾಲಲ್ಲಿ ಅರಳಿಮರ ಸುತ್ತುವಾಗ ಅಂಗಾಲಿಗೆ ಗಾಜು ಹೊಕ್ಕಿತು. ಕೂಗು ಕೇಳಿ ಮೊದಲು ಓಡಿಬಂದವರು ನಜೀರಣ್ಣ. ಚೂರು ಕಿತ್ತು, ತಮ್ಮ ಟವೆಲ್ಲನ್ನೇ ಹರಿದು ಕಾಲಿಗೆ ಕಟ್ಟಿದರು. ಅತ್ತೆ ನೋವಿನಲ್ಲೇ, "ನಜೀರಾ, ಆ ಗಾಜ್ನೆಲ್ಲ ತೆಗ್ದು ಬುಡಪ್ಪ. ಇನ್ನೊಬ್ರ ಕಾಲಿಗೆ ಚುಚ್ಚೋದು ಬ್ಯಾಡ" ಎಂದರು.

"ನಾನು ಕಟ್ಟೆ ಮೇಲೆ ಕೈ ಹಾಕಿದ್ರೆ ಯಾರಾದ್ರೂ ಏನಾದ್ರೂ ಅಂದಾರು ಕಣವ್ವ."

"ಕಟ್ಟು ಹಾಕೋವಾಗ ಮುಟ್ಟಲ್ವೇನ್ಲಾ? ನಾನ್ ಹೇಳ್ತಿದೀನಲ್ಲ, ತೆಗಿ."

ಮರುದಿನ ಬೆಳಿಗ್ಗೆ ಅವರು ಚಪ್ಪಲಿ ದೂರ ಬಿಟ್ಟು ಕಟ್ಟೆಗೆ ಹೋದರು. ಚಿತ್ರಗಳನ್ನು ಸುತ್ತಿ ಕೆರೆಗೆ ಬಿಡಲೆಂದು ನಾನೇ ಒಂದು ಮಡಿ ಪಂಚೆ ಕೊಟ್ಟೆ. ಇಕ್ಕಳದಿಂದ ಮೊಳೆ ಕಿತ್ತು ಗಾಜನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದರು. ಅಭಿಯಾನದ ಹುಡುಗನೊಬ್ಬ ದೂರದಿಂದ ವಿಡಿಯೋ ಮಾಡಿದ. ಅದರಲ್ಲಿ ಇಕ್ಕಳ ಕಾಣುತ್ತದೆ, ಒಡೆದ ಗಾಜು ಕಾಣುತ್ತದೆ, ಅವರ ಟೋಪಿ ಕಾಣುತ್ತದೆ. ಬಿಟ್ಟ ಚಪ್ಪಲಿಯಾಗಲಿ ನನ್ನ ಪಂಚೆಯಾಗಲಿ ಕಾಣುವುದಿಲ್ಲ. ಮಧ್ಯಾಹ್ನದೊಳಗೆ ಊರೆಲ್ಲರ ಮೊಬೈಲಿನಲ್ಲೂ "ದೇವರ ಫೋಟೋ ಒಡೆಯುತ್ತಿದ್ದಾನೆ" ಎಂದು ಅದೇ ಓಡಾಡಿತು. ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂದು ಮಹೇಶನೇ ಮುಂದೆ ನಿಂತು ದೂರು ಕೊಟ್ಟ. ಪೊಲೀಸರು ನಜೀರಣ್ಣನನ್ನು ಕರೆದೊಯ್ದರು.

ನಾನು ಸ್ಟೇಷನ್ನಿಗೆ ಹೋದೆ. ಮಹೇಶ ಹೊರಗೇ ಸಿಕ್ಕಿದ.

"ನಜೀರಣ್ಣ ಒಳ್ಳೇವ್ರು ಅಂತ ನಂಗೂ ಗೊತ್ತು ಅಕ್ಕಾ. ಆದ್ರೆ ನೋಡಿದವ್ರ ಮನಸ್ಸಿಗೆ ನೋವಾಗಿದೆಯಲ್ಲ?"

"ನಮ್ಮತ್ತೆ ಕಾಲಿಗೆ ಆಗಿದ್ದು ನೋವಲ್ವೇನೋ? ಆಗ ಎಲ್ಲಿದ್ರೋ ನೀವೆಲ್ಲ?" ಎಂದೆ. ಅವನು ಫೋನು ಬಂದವನಂತೆ ಪಕ್ಕಕ್ಕೆ ಹೋದ.

ಒಳಗಿದ್ದ ಅಧಿಕಾರಿ ಸಮಾಧಾನದಿಂದ ಕೇಳಿಸಿಕೊಂಡರು. "ನಿಮ್ಮ ಹೇಳಿಕೆ ಬರ್ಕೊತೀವಮ್ಮ. ಆದ್ರೆ ತೆಗಿ ಅಂತ ಹೇಳಿದ ಅಜ್ಜಿನೇ ಬಂದು ಹೇಳಿದ್ರೆ ನಜೀರ್ ಅವ್ರಿಗೆ ತುಂಬಾ ಅನುಕೂಲ" ಎಂದರು. ಆಟೋ ಹಿಡಿದು ಮನೆಗೆ ಓಡಿದೆ.

ಬಾಗಿಲಾಚೆಯಿಂದ ನಮ್ಮ ಮಾತು ಕೇಳಿಸಿಕೊಂಡಿದ್ದನೇನೋ, ನನಗಿಂತ ಮುಂಚೆ ಮಹೇಶ ಬೈಕಿನಲ್ಲಿ ಬಂದು ಕೂತಿದ್ದ. ಬಾಳೆಹಣ್ಣು ತಂದಿದ್ದ. ಅತ್ತೆಯ ಕಾಲಿಗೆ, ಆ ಟವೆಲ್ ಕಟ್ಟಿದ ಕಾಲಿಗೇ ನಮಸ್ಕಾರ ಮಾಡಿ, "ಅಜ್ಜಿ, ನಮ್ಮ ಭಜನೆಗೆ ನೀವೇ ಹಿರೀಕರು. ನೀವು ಹಂಗೆಲ್ಲ ಹೇಳಿರಲ್ಲ ಬುಡಿ" ಎಂದ.

ಅತ್ತೆ ನನ್ನ ಮುಖ ನೋಡಲಿಲ್ಲ. "ನಾನ್ಯಾಕಪ್ಪ ಹೇಳ್ಲಿ? ನಂಗೇನೂ ಗೊತ್ತಿಲ್ಲ" ಎಂದರು. ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಊರ ಉಸಾಬರಿ ನಮಗ್ಯಾಕೆ, ಸುಮ್ನಿರು" ಎಂದರು. ಆ ಸೋಮವಾರ ಅತ್ತೆಯ ಜೊತೆ ಮರ ಸುತ್ತಲು ಬಂದು ಎಲ್ಲವನ್ನೂ ನೋಡಿದ್ದ ಹೆಂಗಸರ ಮನೆಗಳಿಗೂ ಹೋದೆ. ಒಬ್ಬರಿಗೆ ತಲೆನೋವು, ಇನ್ನೊಬ್ಬರು ನೋಡಿಯೇ ಇಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವುದು ಸುಮ್ಮನೆ ಅಲ್ಲ.

ನಜೀರಣ್ಣನಿಗೆ ಜಾಮೀನೇನೋ ಸಿಕ್ಕಿತು. ಆದರೆ ಅಂಗಡಿಯ ಬಾಗಿಲು ತೆಗೆಯಲು ಯಾರೂ ಬಿಡಲಿಲ್ಲ. ಹೆಂಡತಿಯ ತವರು ಕುಣಿಗಲ್‌ಗೆ ಸಾಮಾನು ಸಾಗಿಸಿದರು. ಹೊರಡುವಾಗ ಅತ್ತೆಗೆ, "ಬರ್ತೀನಿ ಕಣವ್ವ, ಕಾಲು ಉಷಾರು" ಎಂದಷ್ಟೇ ಹೇಳಿದರು. ಅತ್ತೆ ಒಳಗೆ ಹೋಗಿಬಿಟ್ಟರು. ಕೇಸು ಇನ್ನೂ ನಡೆಯುತ್ತಲೇ ಇದೆ. ಆಮೇಲೊಮ್ಮೆ ಅವರ ಹೆಂಡತಿ ಫೋನು ಮಾಡಿದ್ದರು. "ತುಮಕೂರಲ್ಲಿ ಒಂದು ಅಂಗಡೀಲಿ ಕೂಲಿಗೆ ಕಟ್ಟು ಹಾಕ್ತವ್ರೆ ಕಣಕ್ಕ. ಕೇಸಿನ ವಿಷ್ಯ ಅಲ್ಲಿ ಗೊತ್ತಿಲ್ಲ, ಯಾರಿಗೂ ಹೇಳ್ಬೇಡ" ಎಂದರು.

ಈ ಸಲದ ಶ್ರಾವಣದಲ್ಲಿ ಅಭಿಯಾನದ ಮೆರವಣಿಗೆ ಬಂತು. ಆಳೆತ್ತರದ ಈಶ್ವರನ ಫೋಟೋವನ್ನು ಆರತಿಗೆಂದು ನಮ್ಮ ಬಾಗಿಲಲ್ಲೂ ಇಳಿಸಿ ಕುರ್ಚಿಗೆ ಒರಗಿಸಿದರು. ಹತ್ತಿರ ಹೋದೆ. ನಾನಿನ್ನೂ ಆರತಿ ಹಚ್ಚಿರಲಿಲ್ಲ, ಆಗಲೇ ಕರ್ಪೂರದ ವಾಸನೆ ಬಂತು. ಹಿಂದಕ್ಕೆ ಬಾಗಿ ನೋಡಿದೆ. ರಟ್ಟಿನ ಮೂಲೆಯಲ್ಲಿ ಕೆಂಪು ಬಟ್ಟೆಯ ತುದಿ.

"ತುಮಕೂರಲ್ಲಿ ಹಾಕ್ಸಿದ್ದು ಅಕ್ಕಾ" ಎಂದ ಮಹೇಶ ಹೆಮ್ಮೆಯಿಂದ. "ಎಂಥ ಕೆಲ್ಸ ನೋಡಿ. ನಮ್ಮೂರಲ್ಲಿ ಇಷ್ಟು ಚೆನ್ನಾಗಿ ಮಾಡೋರು ಯಾರವ್ರೆ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಡೀ ಬೀದಿಗೆ ಕೇಳುವಂತೆ ಹೇಳಿ ಅವನ ಮುಖ ನೋಡಬೇಕೆನಿಸಿತು. ಹೇಳಿದರೆ ನಜೀರಣ್ಣನ ಆ ಕೂಲಿಯೂ ಹೋಗುತ್ತದೆ. ನುಂಗಿಕೊಂಡೆ. ಪಕ್ಕದಲ್ಲಿ ನಿಂತಿದ್ದ ಅತ್ತೆಯೂ ಆ ಕೆಂಪು ತುದಿಯನ್ನು ನೋಡಿದ್ದರು. ಮೆಲ್ಲಗೆ ಆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

ಆರತಿ ಆಯಿತು. ಮಹೇಶ ನನ್ನ ಕೈಗೆ ಎರಡು ಪ್ರಸಾದದ ಪೊಟ್ಟಣ ಕೊಟ್ಟು, ಎಲ್ಲ ಕಡೆ ಹೇಳುವ ಹಾಗೆ, "ಒಂದು ಪಕ್ಕದ ಮನೆಗೆ ಕೊಡಿ ಅಕ್ಕಾ" ಎಂದು ಮುಂದೆ ಹೋದ.

ಪಕ್ಕದ ಮನೆಗೆ ಬೀಗ ಬಿದ್ದು ಎರಡು ವರ್ಷವಾಗಿದೆ. ಆ ಪೊಟ್ಟಣವನ್ನು ಬೀಗಕ್ಕೇ ಸಿಕ್ಕಿಸಿ ಬಂದೆ. ನನ್ನದನ್ನು ಬಿಚ್ಚಿ ಬಾಯಿಗೆ ಹಾಕಿಕೊಂಡೆ, ಗಂಟಲಲ್ಲಿ ಇಳಿಯಲಿಲ್ಲ.