ಸರ್ವಮಂಗಳಮ್ಮನದ್ದಲ್ಲದ ಕೊನೆಯ ಸಾಲು

ಸರ್ವಮಂಗಳಾ ಜಯನಗರಕ್ಕೆ ಸೊಸೆಯಾಗಿ ಬಂದದ್ದು ಐವತ್ತೆರಡರಲ್ಲಿ. ಮನೆಯ ಹಿಂದೆ ಆಗಿನ್ನೂ ರಾಗಿ ಹೊಲ. ಗಮಕಿಯಾಗಿದ್ದ ತಂದೆಯಿಂದ ಮಾತ್ರೆ ಎಣಿಸಿ ಷಟ್ಪದಿ ಕಟ್ಟುವುದನ್ನು ಕಲಿತಿದ್ದಳು. ಒಲೆಯ ಮುಂದೆ ಕೂತೇ ಬೆರಳು ಮಡಿಸಿ ಎಣಿಸುವಳು. ಬೀದಿಯಲ್ಲಿ ಯಾರ ಮದುವೆಯಾದರೂ ಅವಳದೇ ಪದ್ಯವಾಗಬೇಕು.

ಐವತ್ತೇಳರಲ್ಲಿ ಎರಡು ವರ್ಷದ ಮಗಳು ಜ್ವರಕ್ಕೆ ಹೋದಳು. ಅಲ್ಲಿಂದಾಚೆ ಛಂದಸ್ಸು ಕೈಕೊಟ್ಟಿತು. ಬಾಯಲ್ಲಿ ಆಡಲಾಗದ್ದನ್ನು ಬಿಡಿ ಸಾಲುಗಳಲ್ಲಿ ಬರೆದು ಟ್ರಂಕಿನ ತಳಕ್ಕೆ ಸೇರಿಸಿದಳು.

ಅರವತ್ತಾರರಲ್ಲಿ ಗಂಡ ರೇವಣಸಿದ್ದಪ್ಪ, ಕಚೇರಿಯೊಂದರ ಹೆಡ್ ಗುಮಾಸ್ತ, "ಬರ್‍ದಿದ್ದೆಲ್ಲಾ ಕೊಡೇ, ಬುಕ್ ಮಾಡಿಸ್ತೀನಿ" ಎಂದ. ಎರಡು ದಿನ ಯೋಚಿಸಿ ಟ್ರಂಕಿನದನ್ನೂ ಕೊಟ್ಟಳು. ಬೇರೆ ಯಾರೂ ಓದದಿದ್ದರೂ ಚಿಂತೆಯಿರಲಿಲ್ಲ, ಇವನು ಓದಬೇಕಿತ್ತು.

ಓದಿದ. ಬಿಡುಗಡೆಯ ದಿನ ಬೆಳಿಗ್ಗೆ ಪುಸ್ತಕ ಕೈಗೆ ಬಂದಾಗ ಅವಳು ಪುಟ ತಿರುವಿ ನೋಡಿದಳು. ಷಟ್ಪದಿಗಳೆಲ್ಲ ಇದ್ದಂತೆಯೇ ಇದ್ದವು. ಆದರೆ ಪ್ರತಿಯೊಂದು ಬಿಡಿ ಪದ್ಯದ ಕೊನೆಗೂ ಗಂಡನ ಮನೆದೇವರ ಹೆಸರು ಅಚ್ಚಾಗಿತ್ತು: ಹೊನ್ನಗುಡ್ಡದ ಲಿಂಗಯ್ಯಾ.

"ಇದೇನ್ರೀ ಇದು?"

"ಅಂಕಿತ ಇಲ್ದೆ ವಚನ ಎಲ್ಲಾದ್ರೂ ಇರುತ್ತೇನೇ? ನೀನು ಮರ್‍ತಿದ್ದೆ, ನಾನೇ ಹಾಕಿಸ್ದೆ."

"ಇವು ವಚನ ಅಲ್ಲ. ಇಲ್ಲಿ ನೋಡಿ, ತಟ್ಟೆ ತಡವಾಯ್ತು ಅಂತ ನೀನು ಹೊಡೆದೆ ಅಂತಿದೆ. ಶಿವ ಮುದ್ದೆಗೆ ಕಾಯ್ತಾ ಕೂತಿರ್ತಾನಾ?"

"ರೂಪಕ ಕಣೇ ಅದು! ಓದ್ತಾ ನಂಗೇ ಕಣ್ಣಲ್ಲಿ ನೀರು ಬಂತು. ಎಂಥಾ ಭಕ್ತಿ!"

ಅವಳು ಅವನ ಮುಖವನ್ನೇ ನೋಡಿದಳು. ಹೊಡೆದದ್ದನ್ನು ಅವನು ಮುಚ್ಚಿಡುತ್ತಿರಲಿಲ್ಲ. ಅವನಿಗೆ ಅದು ನೆನಪೇ ಇರಲಿಲ್ಲ! ಒಂಬತ್ತು ವರ್ಷ ಇವಳ ಕೆನ್ನೆಯಲ್ಲಿ ಉರಿದದ್ದು ಅವನ ಅಂಗೈಗೆ ಒಂದು ಗಳಿಗೆಯ ಕೆಲಸ. ಇಂಥವನನ್ನು ಸಜ್ಜನ ಎಂದು ಕರೆಯುತ್ತದೆ ನಮ್ಮ ಸಮಾಜ, ಕರೆದು ಸಭೆಯ ಮುಂದಿನ ಸಾಲಿನಲ್ಲಿ ಕೂರಿಸುತ್ತದೆ.

ಸಂಜೆ ಅಲ್ಲೇ ಕೂತಿದ್ದ. ಅಧ್ಯಕ್ಷರು ಅವಳನ್ನು "ಕಲಿಯುಗದ ಶರಣೆ" ಎಂದು ಹೊಗಳಿ ಒಂದು ವಚನ ಓದಲು ಹೇಳಿದರು. ಅವಳು ಎದ್ದು ನಿಂತು ಓದಿದಳು:

"ಮಗುವನ್ನು ಮಣ್ಣಿಗಿಟ್ಟ ಮೂರನೆಯ ದಿನ
ತಟ್ಟೆ ತಡವಾಯಿತೆಂದು ನೀನು ಹೊಡೆದೆ.
ಆಮೇಲೆ ಕೂತು ಹೊಟ್ಟೆ ತುಂಬ ಉಂಡೆ."

ಅಷ್ಟಕ್ಕೇ ನಿಲ್ಲಿಸಿದಳು. ಜನ ಕೈಮುಗಿಯಲು ದೇವರ ಹೆಸರಿಗಾಗಿ ಕಾದರು. ಪುಸ್ತಕ ತೆರೆದುಕೊಂಡು ಜೊತೆಗೇ ಓದುತ್ತಿದ್ದ ಪಕ್ಕದ ಮನೆಯ ಸಿದ್ದಗಂಗಮ್ಮ ಕೂತಲ್ಲಿಂದಲೇ ಕೂಗಿದಳು: "ಮಂಗಳಮ್ಮ, ಕೊನೇ ಸಾಲು ಬಿಟ್ಬಿಟ್ರಲ್ರೀ!"

"ಅದು ನಂದಲ್ಲ ಅಕ್ಕಾ, ನಮ್ಮ ಮನೆಯವರು ಹಾಕಿದ್ದು."

"ಅಯ್ಯೋ, ಹಂಗಾರೆ ಹೊಡೆದಿದ್ದು?"

"ಅದೂ ಅವರೇ."