ತೆರಿಗೆಯವರು ಹೂತ ಕಡುಬು

ಹೊಸನಗರದಲ್ಲಿ ನನ್ನದೊಂದು ಅಂಗಡಿ. ಕಳೆ ಹೊಡೆಯುವ ಯಂತ್ರ, ಔಷಧಿ ಸಿಂಪಡಿಸುವ ಪಂಪು, ಪೈಪು, ಆ ಪೈಪಿನ ತುದಿಗೆ ಬೇಕಾಗುವ ನಾನಾ ನಮೂನೆಯ ಬಿಡಿಭಾಗಗಳು ಸಿಗುತ್ತವೆ. ಇಂಥ ಅಂಗಡಿ ಇಟ್ಟುಕೊಂಡವನಿಗೆ ರಾಜಕೀಯ ತನ್ನ ಗದ್ದೆಯವರೆಗೂ ನಡೆದುಬರುತ್ತದೆಂಬ ಭಯ ಸಾಮಾನ್ಯವಾಗಿ ಇರುವುದಿಲ್ಲ. ನನಗೆ ಇತ್ತು. ನನಗೆ ಎಲ್ಲ ಭಯಗಳೂ ಇವೆ. ಮಳೆ ಬಂದರೆ ಗೋಡೌನಿಗೆ ನೀರು ನುಗ್ಗೀತೆಂದು, ಬಾರದಿದ್ದರೆ ಪಂಪು ಯಾರು ಕೊಳ್ಳುತ್ತಾರೆಂದು. ಎರಡೂ ಆಗದ ದಿನ, ಯಾಕೆ ಏನೂ ಆಗುತ್ತಿಲ್ಲ ಎಂದು. ‘ಚಿಂತೆ ಇಲ್ಲದಿದ್ರೆ ನಿಮಗೆ ಊಟ ಸೇರಲ್ಲ’ ಎಂಬುದು ನನ್ನ ಹೆಂಡತಿಯ ಮಾತು. ಮದುವೆಯಾದಾಗಿನಿಂದ ಅವಳು ಅದನ್ನು ಬದಲಾಯಿಸಿಲ್ಲ, ನಾನೂ ಬದಲಾಗಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತೆರಿಗೆ ಇಲಾಖೆಯ ಒಂದು ತಂಡ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕುಗಳ ಅಂಗಡಿಗಳ ತಪಾಸಣೆಗೆ ಬಂದಿತ್ತು. ತಂಡದ ದೊಡ್ಡವರು ಪೇಟೆಯ ಲಾಡ್ಜು ಬಿಟ್ಟು ಹಿನ್ನೀರಿಗೆ ಮುಖ ಮಾಡಿಕೊಂಡಿದ್ದ ರೆಸಾರ್ಟಿನಲ್ಲಿ ಉಳಿದರು. ಬಾಡಿಗೆ ಕಾರುಗಳು ದಿಬ್ಬಣದ ಹಾಗೆ ಸಾಲಾಗಿ ಓಡಾಡಿದವು. ಒಂದು ಭಾನುವಾರ ದೋಣಿ ವಿಹಾರವೂ ಆಯಿತಂತೆ. ತೀರ್ಥಹಳ್ಳಿಯಲ್ಲಿ ವಿರೋಧ ಪಕ್ಷದ ಮುಖಂಡರೊಬ್ಬರು ಪತ್ರಿಕಾಗೋಷ್ಠಿ ಕರೆದು, ‘ತೆರಿಗೆ ವಸೂಲಿಗೆ ಬಂದವರು ಖರ್ಚು ಮಾಡುತ್ತಿರುವುದು ಯಾರ ದುಡ್ಡು?’ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಮಾರನೇ ದಿನ ಸಾಗರದಲ್ಲಿ ಆಡಳಿತ ಪಕ್ಷದವರು ಇನ್ನೊಂದು ಗೋಷ್ಠಿ ಕರೆದು, ಅವರ ಸರ್ಕಾರ ಇದ್ದಾಗ ಅಧಿಕಾರಿಗಳು ಇದಕ್ಕಿಂತ ದೊಡ್ಡ ರೆಸಾರ್ಟಿನಲ್ಲಿ ಉಳಿದಿದ್ದರು ಎಂದರು. ನಮ್ಮಲ್ಲಿ ಇದನ್ನೂ ಉತ್ತರ ಎಂದೇ ಕರೆಯುತ್ತಾರೆ. ಹೀಗೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಹಾರಿ ಬರುತ್ತಿದ್ದವು. ನಡುವೆ ಹೊಸನಗರದಲ್ಲಿ ನಾನು ಎರಡೂ ಪತ್ರಿಕೆ ಓದಿ, ನನ್ನ ಅಂಗಡಿಗೆ ಯಾವಾಗ ಬರುತ್ತಾರೋ ಎಂದು ಕೂತಿದ್ದೆ.

ಅಂಗಡಿಯ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸರಿಯಿದ್ದವನಿಗೇ ಭಯ ಹೆಚ್ಚು. ಕಳ್ಳನಿಗಾದರೆ ಎಲ್ಲಿ ತಪ್ಪಿದೆ ಎಂದಾದರೂ ಗೊತ್ತಿರುತ್ತದೆ.

ಅವರು ಬಂದದ್ದು ಭೂಮಿ ಹುಣ್ಣಿಮೆಯ ದಿನ. ಅಂಗಡಿಗೆ ಬೀಗ. ಪಕ್ಕದ ಔಷಧಿ ಅಂಗಡಿಯವನು ಉಪಕಾರ ಮಾಡುವ ಉತ್ಸಾಹದಲ್ಲಿ ಗದ್ದೆಯ ದಾರಿ ತೋರಿಸಿ ಕಳಿಸಿದ್ದ.

ನಮ್ಮಲ್ಲಿ ಆ ಹೊತ್ತಿಗೆ ಭತ್ತ ಹೊಡೆ ತುಂಬಿ, ತೆನೆಯನ್ನು ಇನ್ನೂ ಒಳಗೇ ಇಟ್ಟುಕೊಂಡು ನಿಂತಿರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆ ಎಂಬ ಲೆಕ್ಕ. ಹಿಂದಿನ ಸಂಜೆಯಿಂದ ಬೇಯಿಸಿದ್ದನ್ನೆಲ್ಲ ಚಿತ್ತಾರದ ಬುಟ್ಟಿಯಲ್ಲಿ ಹೊತ್ತು ಬೆಳಿಗ್ಗೆ ಗದ್ದೆಗೆ ಹೋಗಿ, ಪೂಜೆ ಮಾಡಿ, ಮೊದಲು ಅವಳಿಗೆ ಬಡಿಸಿ ಆಮೇಲೆ ನಾವು ಅಲ್ಲೇ ಬದುವಿನ ಮೇಲೆ ಕೂತು ಉಣ್ಣುತ್ತೇವೆ. ಅವತ್ತು ಕತ್ತಿ ಗುದ್ದಲಿ ಮಣ್ಣಿಗೆ ತಾಗಬಾರದು. ಹಾಗೆಯೇ, ದಾರಿಯಲ್ಲಿ ಹೋಗುವ ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಬಾರದು. ಅವ್ವನ ಪ್ರಕಾರ ಇದನ್ನು ಮೀರುವುದು ಗುದ್ದಲಿ ಹಾಕುವುದಕ್ಕಿಂತ ದೊಡ್ಡ ತಪ್ಪು.

ಬದುವಿನ ಆ ತುದಿಯಲ್ಲಿ ಫೈಲು ಹಿಡಿದ ಒಬ್ಬ ಹುಡುಗಿ, ಹಿಂದೆ ಕಾರಿನ ಡ್ರೈವರ್ ಕಾಣಿಸಿಕೊಂಡಾಗ ನಾನು ಕೈಯ ತುತ್ತನ್ನು ಎಲೆಯಲ್ಲೇ ಇಟ್ಟು ಎದ್ದೆ.

“ಯಾರಾ ಅವ್ರು?” ಅವ್ವ ಕೇಳಿದಳು.

“ಟ್ಯಾಕ್ಸಿನೋರು, ಅವ್ವಾ.”

“ಟ್ಯಾಕ್ಸಿನೋರಿಗೆ ಹೊಟ್ಟೆ ಇರಲ್ವೇನಾ? ಎಲೆ ಹಾಕು.”

ಆ ಹುಡುಗಿಯೇ ಅಧಿಕಾರಿ. ಬಯಲುಸೀಮೆಯ ಕಡೆಯವರು, ಕೆಲಸಕ್ಕೆ ಹೊಸಬರು. ತಂಡದಲ್ಲಿ ಎಲ್ಲರಿಗಿಂತ ಕಿರಿಯರಾದ್ದರಿಂದ ಹಬ್ಬದ ದಿನದ ಬಿಸಿಲು ಅವರ ಪಾಲಿಗೆ ಬಂದಿತ್ತು. “ಡ್ಯೂಟಿ ಮ್ಯಾಲ ಇದ್ದೀನ್ರಿ ಅಮ್ಮಾ. ಯಾರ ಮನಿಯಾಗೂ ಏನೂ ತಗೊಳ್ಳಂಗಿಲ್ರಿ” ಎಂದರು.

“ಇದು ಮನೆ ಅಲ್ಲ ಮಗಾ, ಗದ್ದೆ. ಉಣ್ಸೋಳು ನಾನೂ ಅಲ್ಲ, ಇವ್ಳು” ಎಂದು ಅವ್ವ ನೆಲ ತೋರಿಸಿದಳು.

ಅವರು ಬುಟ್ಟಿಯನ್ನೂ ಬೆರಕೆ ಸೊಪ್ಪಿನ ಪಾತ್ರೆಯನ್ನೂ ಒಂದು ಗಳಿಗೆ ನೋಡಿದರು. “ನಮ್ಮ ಕಡೆ ಇದಕ್ಕ ಶೀಗಿ ಹುಣ್ಣಿವಿ ಅಂತೀವ್ರಿ. ಎಲ್ಲಾರೂ ಹೊಲಕ್ಕ ಹೋಗಿ ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ತೀವಿ. ಈ ವರ್ಷ ರಜಾ ಸಿಗಲಿಲ್ಲ” ಎಂದವರು, ಇನ್ನು ಯಾರೂ ಒತ್ತಾಯ ಮಾಡದೆಯೇ ಕೂತುಬಿಟ್ಟರು. ಡ್ರೈವರ್ ಸಾಗರದವನು. ಅವನು ಅವರಿಗಿಂತ ಮೊದಲೇ ಕೂತಾಗಿತ್ತು.

ನಮ್ಮ ಮನೆಯಲ್ಲಿ ಎಡೆಯ ಸೌತೆಕಾಯಿ ಕಡುಬನ್ನು ಗದ್ದೆಯ ಮೂಲೆಯಲ್ಲಿ ಹೂಳುವುದು ಕೊನೆಯ ಕೆಲಸ. ಅವ್ವ ಅಂದು ಅದನ್ನು ಅಧಿಕಾರಿಯ ಕೈಗೆ ಕೊಟ್ಟಳು. “ನೀನೇ ಇಡು. ನಿಮ್ಮೂರ ಹೊಲಕ್ಕೂ ಸೇರ್ಲಿ.” ಅವರು ಕೈಯಲ್ಲೇ ಮಣ್ಣು ಸರಿಸಿ, ಕಡುಬಿಟ್ಟು, ಮುಚ್ಚಿ, ಕಣ್ಣಿಗೊತ್ತಿಕೊಂಡರು. ನಾಳೆ ಅಂಗಡಿಗೆ ಬರುತ್ತೇನೆಂದು ಹೇಳಿ ಹೋದರು. ಇಷ್ಟೇ ನಡೆದದ್ದು.

ಹಬ್ಬದೂಟಕ್ಕೆ ನನ್ನ ಹೆಂಡತಿಯ ತಮ್ಮನೂ ಬಂದಿದ್ದ. ಅವನು ಕಡುಬು ಹೂಳುವ ಫೋಟೊ ತೆಗೆದು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದ. ಕೆಳಗೆ ಒಂದು ಸಾಲು: ‘ತೆರಿಗೆಯವರು ಬಂದರು, ಹೂತರು, ಹೋದರು.’

ಸಂಜೆಗೆ ಅದು ತೀರ್ಥಹಳ್ಳಿ ಮುಟ್ಟಿತು. ಮಾರನೇ ದಿನದ ಪತ್ರಿಕಾಗೋಷ್ಠಿಯಲ್ಲಿ ಆ ಫೋಟೊ ಮದುವೆಯ ಬ್ಯಾನರಿನಷ್ಟು ದೊಡ್ಡದಾಗಿ ಮುಖಂಡರ ಬೆನ್ನ ಹಿಂದೆ ತೂಗುತ್ತಿತ್ತು. ‘ವ್ಯಾಪಾರಿಯ ಗದ್ದೆಯಲ್ಲಿ ಅಧಿಕಾರಿ ಹೂತದ್ದೇನು?’ ಸಾಗರದವರು ಮೊದಲು ಫೋಟೊ ನಕಲಿ ಎಂದರು. ಆಮೇಲೆ, ಫೋಟೊ ಅಸಲಿ, ಆದರೆ ಗದ್ದೆ ವಿರೋಧ ಪಕ್ಷದವನದು ಎಂದರು. ನಾನು ಯಾರಿಗೆ ಓಟು ಹಾಕುತ್ತೇನೆಂದು ಹೆಂಡತಿಗೂ ಹೇಳಿದವನಲ್ಲ.

“ತಮಾಷೆಗೆ ಹಾಕಿದ್ದು ಭಾವಾ” ಎಂದ ನನ್ನ ಭಾವಮೈದುನ.

“ಅಳಿಸಾ ಅದ್ನ.”

“ಅಳಿಸ್ದೆ. ಈಗ ಯಾಕೆ ಅಳಿಸ್ದೆ ಅಂತ ಕೇಳ್ತಿದ್ದಾರೆ.”

ಅಂಗಡಿಗೆ ಪಂಪಿನ ವಾಷರ್ ಕೊಳ್ಳಲು ಬಂದ ಗಿರಾಕಿಯೊಬ್ಬ ವಾಷರನ್ನು ಬೆಳಕಿಗೆ ಹಿಡಿದು ನೋಡುತ್ತಾ, “ಹೂತಿದ್ದು ಎಷ್ಟು ತೊಲ ಬಂಗಾರ ಅಂತೆ?” ಎಂದ.

“ಸೌತೆಕಾಯಿ ಕಡುಬು ಮಾರಾಯ.”

“ಹೂಂ. ಹಂಗೇ ಹೇಳ್ಬೇಕು ಬಿಡಿ” ಎಂದು ಕಣ್ಣು ಮಿಟುಕಿಸಿ ಹೋದ. ಆ ಕಣ್ಣಿನಲ್ಲಿ ನನ್ನ ಬಗ್ಗೆ ಹಿಂದೆಂದೂ ಇಲ್ಲದ ಗೌರವ ಇತ್ತು ಎಂಬುದನ್ನು ಮುಚ್ಚಿಡಲಾರೆ.

ಬರುತ್ತೇನೆಂದಿದ್ದ ಅಧಿಕಾರಿ ಅಂಗಡಿಗೆ ಬರಲಿಲ್ಲ. ಆದರೂ ಅಲ್ಲಿಯವರೆಗೆ ನಾನು ನನ್ನ ಬಗ್ಗೆಯೇ ಚಿಂತಿಸುತ್ತಿದ್ದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಆ ಡ್ರೈವರ್ ಸಿಕ್ಕ ಮೇಲೆ ಚಿಂತೆಗೆ ಬೇರೆ ವಿಳಾಸ ಸಿಕ್ಕಿತು. “ಮೇಡಂದು ಇನ್ನೂ ಪ್ರೊಬೇಷನ್ ಮಾರಾಯ್ರೆ” ಎಂದ ಅವನು. “ವಿಚಾರಣೆ ಇಟ್ಟಿದ್ದಾರೆ. ಉಲ್ಟಾ ಆದ್ರೆ ಮನೆಗೇ. ರೆಸಾರ್ಟಲ್ಲಿ ಇದ್ದೋರೆಲ್ಲ ಆರಾಮಾಗವ್ರೆ. ಇವ್ರು ಅಲ್ಲಿ ಒಂದಿನಾನೂ ಇರ್ಲಿಲ್ಲ, ಸಾಗರದಲ್ಲಿ ಪರಿಚಯದೋರ ಮನೇಲಿ ಇದ್ರು. ಕಡುಬು ಉಂಡಿದ್ದೇ ತಪ್ಪಾತು.”

ಮನೆಗೆ ಬಂದು ಅವ್ವನಿಗೆ ಹೇಳಿದೆ. ವಿಚಾರಣಾಧಿಕಾರಿ ಶಿವಮೊಗ್ಗದಿಂದ ಬರುತ್ತಾರೆ, ಸ್ಥಳ ಮಹಜರು ಮಾಡುತ್ತಾರೆ, ಅಗೆದು ನೋಡಿದರೆ ಎಲ್ಲ ಮುಗಿಯುತ್ತದೆ.

“ಕಡುಬು ಇಟ್ಟ ಜಾಗಕ್ಕೆ ಕೊಯ್ಲಿಗೆ ಮುಂಚೆ ಗುದ್ದಲಿ ಬೀಳೋ ಹಂಗಿಲ್ಲ” ಎಂದಳು ಅವ್ವ.

“ಆ ಹುಡುಗಿ ಕೆಲ್ಸ ಹೋಗುತ್ತೆ ಅವ್ವಾ.”

ಹುಡುಗಿಯ ಬಗ್ಗೆ ಅವ್ವನಿಗೂ ಸಂಕಟವೇ. “ಅಲ್ಲ ಕಣಾ, ಬಸುರಿ ಹೊಟ್ಟೆ ಕೊಯ್ದು, ಎಂತ ಉಂಡೀಯೆ ಅಂತ ನೋಡ್ತಾರಾ ಯಾರಾದ್ರೂ?”

ನನಗೆ ಹೊಸದೊಂದು ಚಿಂತೆ ಶುರುವಾಯಿತು. ಅಗೆದರೂ ಅಲ್ಲಿ ಏನು ಸಿಗುತ್ತದೆ? ಇಷ್ಟು ಹೊತ್ತಿಗೆ ಏಡಿಯೋ ಇಲಿಯೋ ಕಡುಬನ್ನು ಮುಗಿಸಿರುತ್ತದೆ. ಕಡುಬು ಸಿಗದಿದ್ದರೆ, ಚಿನ್ನ ಸಾಗಿಸಿದರು ಎನ್ನುತ್ತಾರೆ. ಅಗೆಯದಿದ್ದರೆ, ಚಿನ್ನ ಇದ್ದದ್ದಕ್ಕೇ ಅಗೆಯಲು ಬಿಡಲಿಲ್ಲ ಎನ್ನುತ್ತಾರೆ. ಗುಟ್ಟಾಗಿ ಹೋಗಿ ಇನ್ನೊಂದು ಕಡುಬು ಹೂತು ಬಂದರೆ ಹೇಗೆ ಎಂದು ಹೆಂಡತಿಯನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಾ, “ಅದ್ರದ್ದೂ ಒಂದು ಫೋಟೊ ತೆಗೀಲಿಕ್ಕೆ ತಮ್ಮನ್ನ ಕರೀಲಾ?” ಎಂದಳು.

ಮಹಜರಿನ ದಿನ ನಮ್ಮ ಗದ್ದೆ ಅಂಚಿನಲ್ಲಿ ಕಂಡ ಜನವನ್ನು ನಾನು ಚುನಾವಣೆಯಲ್ಲೂ ಕಂಡಿಲ್ಲ. ತೀರ್ಥಹಳ್ಳಿಯ ಮುಖಂಡರು ತಮ್ಮ ಕಾರ್ಯಕರ್ತರೊಂದಿಗೆ ಬಂದಿದ್ದರು. ಸಾಗರದವರು ತಮ್ಮವರೊಂದಿಗೆ. ವಿಚಾರಣಾಧಿಕಾರಿ ವಯಸ್ಸಾದವರು, ಪ್ಯಾಂಟನ್ನು ಮಡಚಿ ಬದುವಿನ ಮೇಲೆ ಎಚ್ಚರಿಕೆಯಿಂದ ಕಾಲಿಡುತ್ತಿದ್ದರು. ನಮ್ಮ ಅಧಿಕಾರಿ ದೂರದಲ್ಲಿ ಒಂದು ಮರದ ಕೆಳಗೆ ಒಬ್ಬರೇ ನಿಂತಿದ್ದರು. ಅವ್ವ ಹೋಗಿ ಅವರ ಪಕ್ಕ ನಿಂತುಕೊಂಡಳು.

“ಸರಿ, ಯಾರು ಅಗೀತೀರಿ?” ಎಂದರು ವಿಚಾರಣಾಧಿಕಾರಿ.

ಯಾರೂ ಮಿಸುಕಲಿಲ್ಲ. ಭತ್ತ ಹೊಡೆ ಒಡೆದು ಹಾಲುಗಾಳು ಕಟ್ಟುತ್ತಿತ್ತು. ಮುಖಂಡರು ತಮ್ಮ ಹುಡುಗನೊಬ್ಬನ ಕಡೆ ನೋಡಿದರು.

“ನಂಗೆ ಸೊಂಟ ನೋವು ಅಣ್ಣಾ.”

ಇನ್ನೊಬ್ಬನ ಕಡೆ ನೋಡಿದರು.

“ಮನೇಲಿ ಹೆಂಡ್ತಿಗೆ ಏಳು ತಿಂಗಳು ಅಣ್ಣಾ. ಇಂಥಾ ಗದ್ದೆಗೆ ನಾನು ಗುದ್ದಲಿ ಹಾಕಲ್ಲ.”

ಸಾಗರದವರ ಗುಂಪಿನಿಂದ ನಗು ಕೇಳಿಸಿತು. ಮುಖಂಡರು ಸಿಟ್ಟಿನಿಂದ ತಿರುಗಿದರು. “ನಗ್ತೀರಲ್ಲ, ಸರ್ಕಾರ ನಿಮ್ದು. ನೀವೇ ಅಗೀರಿ.”

“ಆರೋಪ ನಿಮ್ದು ಸ್ವಾಮಿ. ನಾವ್ಯಾಕೆ ಅಗೀಬೇಕು?” ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದರು. ಹಿಂದೆ ಸರಿಯುವಾಗ ಒಬ್ಬನ ಕಾಲು ಪೈರಿಗೆ ತಾಗಿತು. ಅವನು ಬಗ್ಗಿ ಅದನ್ನು ಮುಟ್ಟಿ ಎದೆಗೆ ಒತ್ತಿಕೊಂಡ.

ವಿಚಾರಣಾಧಿಕಾರಿ ಎಲ್ಲರನ್ನೂ ಒಮ್ಮೆ ನೋಡಿ, ಕೊನೆಗೆ ಮುಖಂಡರ ಪಾದದ ಕಡೆ ನೋಡಿದರು. “ಚಪ್ಪಲಿ ಎಲ್ಲಿ ಬಿಟ್ರಿ?”

“ಬದುವಿನ ಆಚೆ. ಅಭ್ಯಾಸ.”

“ಗದ್ದೆ ಇದೆಯಾ ನಿಮಗೆ?”

“ಇಲ್ದೆ?”

“ಹುಣ್ಣಿಮೆ ದಿನ ನೀವೂ ಹೂತ್ರಾ?”

“ಹೂಳ್ದೆ ಇರಕ್ಕಾಗುತ್ತಾ? ಅಮ್ಮ ಬಿಡಬೇಕಲ್ಲ.”

“ಏನನ್ನ?”

ಮುಖಂಡರು ಕೆಮ್ಮಿದರು. ಬ್ಯಾನರಿನ ಮುಂದೆ ಗುಡುಗುವ ಆ ದನಿ ಈಗ ಪಕ್ಕದವನಿಗೆ ಮಾತ್ರ ಕೇಳುವಷ್ಟಾಗಿತ್ತು. “ಕಡುಬು.”

ಮೊದಲು ನಕ್ಕವರು ಅವರದೇ ಹುಡುಗರು. ಸೊಂಟನೋವಿನವನಂತೂ ಸೊಂಟ ಬಗ್ಗಿಸಿ ನಕ್ಕ. ಮುಖಂಡರೂ ಸ್ವಲ್ಪ ಹೊತ್ತು ತಡೆದು ನೋಡಿ, ಆಗದೆ ನಕ್ಕರು. “ನಾನು ಕೇಳಿದ್ದು ರೆಸಾರ್ಟ್ ಖರ್ಚು, ಕಾರಿನ ಬಾಡಿಗೆ. ಈ ಹೂಳಿದ್ದರ ಮಾತು ನಮ್ಮ ಹುಡುಗರು ಸೇರ್ಸಿದ್ದು” ಎಂದರು. ಹುಡುಗರು ಬ್ಯಾನರಿನ ಪ್ರೂಫ್ ನೋಡಿದ್ದು ಯಾರು ಎಂದು ಕೇಳಲು ಹೊರಟು, ಯಾಕೋ ಬಿಟ್ಟರು.

ಸ್ಥಳದಲ್ಲಿ ಅಗೆಯಲು ಯಾರೂ ಒಪ್ಪಲಿಲ್ಲವೆಂದೂ, ಹೂತದ್ದು ಹಬ್ಬದ ಕಡುಬು ಎಂದು ಹಾಜರಿದ್ದವರೆಲ್ಲ ಹೇಳಿದರೆಂದೂ ವಿಚಾರಣಾಧಿಕಾರಿ ಮಹಜರಿನಲ್ಲಿ ಬರೆದುಕೊಂಡರು. ಎರಡೂ ಪಕ್ಷದವರು ಒಂದೇ ಕಾಗದಕ್ಕೆ ಸಹಿ ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವ್ವ ಎಲ್ಲರಿಗೂ ಕಾಫಿ ತರಿಸಿದಳು. ವಿಚಾರಣಾಧಿಕಾರಿ ಸುತ್ತಮುತ್ತ ನೋಡಿ, “ಬೇಡಮ್ಮ, ಯಾರ ಕೈಲಿ ಫೋನಿದೆಯೋ” ಎಂದು ಬರಿಬಾಯಲ್ಲೇ ಜೀಪು ಹತ್ತಿದರು.

ರೆಸಾರ್ಟಿನ ಪ್ರಶ್ನೆಗೆ ಉತ್ತರ ಇವತ್ತಿಗೂ ಬಂದಿಲ್ಲ. ಜನ ಕಡುಬಿನ ಬಗ್ಗೆ ಎಷ್ಟು ಮಾತಾಡಿ ದಣಿದಿದ್ದರೆಂದರೆ, ದೊಡ್ಡವರು ದೋಣಿಯಲ್ಲಿ ಹೋದದ್ದು ಯಾರಿಗೂ ನೆನಪಿರಲಿಲ್ಲ. ತಂಡ ಸದ್ದಿಲ್ಲದೆ ಊರು ಬಿಟ್ಟಿತು. ನನಗೆ ಇದರ ಬಗ್ಗೆ ಸಿಟ್ಟಿದೆ. ಆದರೆ ಸಿಟ್ಟನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳಲು ಬಿಡುವು ಬೇಕು, ನನ್ನ ಬಿಡುವನ್ನೆಲ್ಲ ಆ ಹುಡುಗಿಯ ಕೆಲಸದ ಚಿಂತೆ ತಿನ್ನುತ್ತಿತ್ತು. ಮಹಜರು ಮೇಲೆ ಹೋಗಿ ಏನಾಯಿತೆಂದು ಯಾರೂ ಹೇಳುತ್ತಿರಲಿಲ್ಲ.

ಕೊಯ್ಲು ಮುಗಿದು ಒಕ್ಕಣೆಯ ಹೊತ್ತಿಗೆ ಒಂದು ಬೆಳಿಗ್ಗೆ ಆ ಅಧಿಕಾರಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಫೈಲು, ಹೆಗಲಲ್ಲಿ ನೀರಿನ ಬಾಟಲಿ, ಊಟದ ಡಬ್ಬಿ. “ಅವತ್ತಿನ ತಪಾಸಣೆ ಬಾಕಿ ಉಳಿದಿತ್ತಲ್ರಿ” ಎಂದರು. ಕಾಫಿ ಬೇಡ, ಫ್ಯಾನಿನ ಗಾಳಿ ಕೂಡ ಬೇಡ ಎಂಬಂತೆ ಮೂಲೆಯ ಸ್ಟೂಲಿನ ಮೇಲೆ ಕೂತು ಇಡೀ ದಿನ ನೋಡಿದರು. ಲೆಕ್ಕದಲ್ಲಿ ಏನೂ ಸಿಗಲಿಲ್ಲ. ಏಳುವಾಗ, ನೋಂದಣಿ ಪತ್ರ ಎಲ್ಲಿ ಎಂದು ಕೇಳಿದರು. ಗೆದ್ದಲು ಹಿಡಿದೀತು, ಬಣ್ಣ ಹೋದೀತು, ಯಾರಾದರೂ ಕದ್ದಾರು ಎಂದು ನಾನು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಹೆಮ್ಮೆಯಿಂದ ತೆಗೆದು ತೋರಿಸಿದೆ.

“ಇದು ಗೋಡಿ ಮ್ಯಾಲ ಎಲ್ಲಾರಿಗೂ ಕಾಣೋ ಹಂಗ ಇರಬೇಕ್ರಿ. ಹೊರಗಿನ ಬೋರ್ಡಿನ ಮ್ಯಾಲೂ ನಂಬರಿಲ್ಲ” ಎಂದು ನೋಟಿಸು ಬರೆಯತೊಡಗಿದರು.

ನಾನು ಸಹಿ ಹಾಕಿದೆ. ಮುಖ ನನ್ನ ಹತೋಟಿಯಲ್ಲಿರಲಿಲ್ಲವೆಂದು ಕಾಣುತ್ತದೆ.

“ದಂಡ ಬೀಳ್ತದ್ರಿ. ನಗ್ತೀರಲ್ಲ?”

“ಪ್ರೊಬೇಷನ್ ಮುಗೀತಾ ಮೇಡಂ?”

ಅವರು ತಲೆಯೆತ್ತಲಿಲ್ಲ. “ಹೋದ ವಾರ ಕಾಯಂ ಆರ್ಡರ್ ಬಂತ್ರಿ” ಎಂದು ಪ್ರತಿಯನ್ನು ಹರಿದು ನನ್ನ ಕೈಗೆ ಕೊಟ್ಟರು. ಮೆಟ್ಟಿಲಿಳಿಯುವಾಗ ಮಾತ್ರ ತಿರುಗಿ, ಅಮ್ಮನಿಗೆ ಹೇಳಿ ಎಂದರು. ಏನು ಹೇಳಬೇಕೆಂದು ಹೇಳಲಿಲ್ಲ.

ಮನೆಗೆ ಫೋನು ಮಾಡಿ, ನೋಟಿಸು ಬಂತು, ದಂಡ ಕಟ್ಟಬೇಕು ಎಂದು ಅವ್ವನಿಗೆ ತಿಳಿಸಿದೆ.

“ಯಾರು ಕೊಟ್ಟಿದ್ದು? ಅದೇ ಹುಡುಗಿನಾ?”

“ಹೌದವ್ವಾ.”

“ಹಂಗಾರೆ ಕೆಲ್ಸ ಉಳೀತು ಅಂತಾತು” ಎಂದಳು ಅವ್ವ. “ಕಟ್ಟಿ ಬಾ.”